ಊರ ನೆಲದ ಕಾವಲು: ಯುವಪಡೆಯೂ ಬದುಕಿನ ದಾರಿಯೂ

(ಕನಕಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕನಕಪುರ ತಾಲ್ಲೂಕಿನ ನಕ್ಷೆಯನ್ನು ಹರಡಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಹಸಿರು ಬಣ್ಣ. ಪೂರ್ವದ ಅಂಚಿನಲ್ಲಿ 1974ರಲ್ಲಿ ಘೋಷಿತವಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸೆರಗು. ದಕ್ಷಿಣದಲ್ಲಿ 1987ರಲ್ಲಿ ರೂಪುಗೊಂಡ ಕಾವೇರಿ ವನ್ಯಜೀವಿ ಧಾಮ. ನಡುವೆ ಸಂಗಮದತ್ತ ಇಳಿದು ಕಾವೇರಿಯನ್ನು ಕೂಡುವ ಅರ್ಕಾವತಿ. ಇವುಗಳಲ್ಲದೆ ಪ್ರತಿಯೊಂದು ಹಳ್ಳಿಗೂ ತನ್ನದೇ ಆದ ಗೋಮಾಳ, ಗುಂಡುತೋಪು, ಕೆರೆಯಂಗಳ ಹಾಗೂ ರಸ್ತೆಬದಿಯ ಸಾಲುಮರಗಳಿವೆ. ಇವೆಲ್ಲವೂ ಸಾರ್ವಜನಿಕರ ಸ್ವತ್ತು. ಆದರೆ ಈ ಸ್ವತ್ತನ್ನು ದಿನನಿತ್ಯ ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯದು.

ಅದೇ ಹಳ್ಳಿಗಳಿಂದ ಪ್ರತಿದಿನ ಬೆಳಗಿನ ಬಸ್ಸುಗಳಲ್ಲಿ ಯುವಕ ಯುವತಿಯರು ಬೆಂಗಳೂರಿಗೂ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೂ ತೆರಳುತ್ತಾರೆ. ಊರಿನಲ್ಲಿ ಕೆಲಸವಿಲ್ಲವೆಂಬುದು ಅವರ ಮಾತು. ಅದು ಪೂರ್ತಿ ನಿಜವಲ್ಲ. ಬೆಟ್ಟದ ಬುಡದಲ್ಲಿ, ಹೊಳೆಯ ದಡದಲ್ಲಿ, ಕೆರೆಯ ಏರಿಯ ಮೇಲೆ ಕೆಲಸ ರಾಶಿ ಬಿದ್ದಿದೆ. ಇಲ್ಲದಿರುವುದು ಆ ಕೆಲಸಕ್ಕೆ ಸಲ್ಲಬೇಕಾದ ಸಂಬಳ, ತರಬೇತಿ ಮತ್ತು ಸ್ಥಾನಮಾನ. ಈ ಮೂರನ್ನೂ ಒದಗಿಸುವ ಯುವಪಡೆಯ ಕುರಿತು ಯೋಚಿಸುವುದೇ ಇಂದಿನ ಉದ್ದೇಶ.

ಪ್ರತಿವರ್ಷ ಜೂನ್ 5ರಂದು ನಡೆಯುವ ಸಸಿ ನೆಡುವ ಸಮಾರಂಭಗಳನ್ನು ಎಲ್ಲರೂ ಬಲ್ಲರು. ಭಾಷಣ, ಭಾವಚಿತ್ರ, ಚಪ್ಪಾಳೆ ಎಲ್ಲವೂ ಇರುತ್ತವೆ. ಯುಗಾದಿಯ ಹೊತ್ತಿಗೆ ಗುಂಡಿ ಮಾತ್ರ ಉಳಿದಿರುತ್ತದೆ. ಒಣ ಪ್ರದೇಶದ ಸಸಿಯೊಂದು ಸ್ವಂತ ಬೇರಿನ ಬಲದಿಂದ ನಿಲ್ಲಬೇಕಾದರೆ ಎರಡು ಮೂರು ಬೇಸಿಗೆಗಳನ್ನು ದಾಟಬೇಕು. ಆ ಬೇಸಿಗೆಗಳಲ್ಲಿ ನೀರು, ಮೇಕೆಯಿಂದ ರಕ್ಷಣೆಗೆ ಮುಳ್ಳುಬೇಲಿ, ಬುಡಕ್ಕೆ ಮುಚ್ಚಿಗೆ, ಸುತ್ತಲಿನ ಕಳೆಯ ನಿವಾರಣೆ ಇವೆಲ್ಲ ಅನಿವಾರ್ಯ. ನೆಡುವ ಕೆಲಸ ಒಂದು ದಿನದ್ದು. ಪಾಲನೆಯ ಕೆಲಸ ಸಾವಿರ ದಿನಗಳದ್ದು.

ಇದಕ್ಕೆ ಸಾಕ್ಷಿ ಪಕ್ಕದ ಮಾಗಡಿ ತಾಲ್ಲೂಕಿನಲ್ಲೇ ಇದೆ. ಹುಲಿಕಲ್ಲಿನ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮೊದಲ ವರ್ಷ ಹತ್ತು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು ಆಲದ ಸಸಿಗಳನ್ನು ನೆಟ್ಟರು. ಬಿಂದಿಗೆಗಳಲ್ಲಿ ದೂರದಿಂದ ನೀರು ಹೊತ್ತು ಎರೆದರು. ಮುಳ್ಳಿನ ಬೇಲಿ ಕಟ್ಟಿದರು. ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೆ 385ರಷ್ಟು ಮರಗಳು ಬೆಳೆದು ನಿಂತವು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೇ ಕುತ್ತು ಬಂದಾಗ ಅವರೇ ಸರ್ಕಾರದ ಮುಂದೆ ಮೊರೆಯಿಡಬೇಕಾಯಿತು. 2025ರ ನವೆಂಬರ್ 14ರಂದು ಅವರು ಕಾಲವಾದರು. ಮರ ಬೆಳೆಸಿದವರಿಗೆ ಸನ್ಮಾನಗಳು ಬಂದವು, ಆದರೆ ಬಿಂದಿಗೆ ಹೊತ್ತ ವರ್ಷಗಳಲ್ಲಿ ಆ ಕೂಲಿಕಾರ ದಂಪತಿಗೆ ಯಾರೂ ಸಂಬಳ ಕೊಡಲಿಲ್ಲ. ಎಲ್ಲ ಊರಿನಲ್ಲಿಯೂ ತಿಮ್ಮಕ್ಕ ಹುಟ್ಟಲೆಂದು ಕಾಯುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಈ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿಸಿದ ಉದಾಹರಣೆಗಳು ಚರಿತ್ರೆಯಲ್ಲಿವೆ. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1933ರಲ್ಲಿ, ನಾಗರಿಕ ಸಂರಕ್ಷಣಾ ಪಡೆಯೊಂದು ಆರಂಭವಾಯಿತು. ನಿರುದ್ಯೋಗಿ ಯುವಕರು ಶಿಬಿರಗಳಲ್ಲಿದ್ದು ಮರ ನೆಟ್ಟರು, ಕಾಳ್ಗಿಚ್ಚು ನಂದಿಸಿದರು, ಮಣ್ಣಿನ ಸವಕಳಿ ತಡೆದರು. ತಿಂಗಳಿಗೆ 30 ಡಾಲರ್ ವೇತನ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. 1942ರಲ್ಲಿ ಮುಚ್ಚುವ ವೇಳೆಗೆ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದಿದ್ದರು. ನೆಟ್ಟ ಮರಗಳು ಸುಮಾರು 300 ಕೋಟಿ. ಅದರಲ್ಲಿ ಯುವತಿಯರಿಗೆ ಸ್ಥಾನವಿರಲಿಲ್ಲ, ಕಪ್ಪು ಜನಾಂಗದವರನ್ನು ಬೇರೆ ಶಿಬಿರಗಳಲ್ಲಿ ಇರಿಸಲಾಗುತ್ತಿತ್ತು ಎಂಬ ದೋಷಗಳನ್ನೂ ಮರೆಯಲಾಗದು.

ಭಾರತದಲ್ಲಿಯೂ ಯತ್ನಗಳು ನಡೆದಿವೆ. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. 2001ರ ಸುಮಾರಿಗೆ ಶಾಲೆಗಳಲ್ಲಿ ರಾಷ್ಟ್ರೀಯ ಹಸಿರು ಪಡೆ ಬಂತು. ಇವು ಮನಸ್ಸನ್ನು ತಿದ್ದುತ್ತವೆ, ಆದರೆ ಏಳು ದಿನಗಳ ಶಿಬಿರ ಮುಗಿದ ಎಂಟನೆಯ ದಿನ ಆ ಊರಿನ ಕೆರೆ ಮತ್ತೆ ಒಂಟಿ. ಸುಣ್ಣದ ಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಲ್ಲಿ ನಡೆದುದು ಬೇರೆಯೇ ಬಗೆಯ ಕೆಲಸ. 1982ರಲ್ಲಿ ಪ್ರಾದೇಶಿಕ ಸೇನೆಯ ಪರಿಸರ ದಳವೊಂದು ಅಲ್ಲಿಗೆ ಬಂತು. ಅದರಲ್ಲಿದ್ದವರು ಬಹುಮಟ್ಟಿಗೆ ಆ ಗುಡ್ಡಗಾಡಿನವರೇ ಆದ ಮಾಜಿ ಸೈನಿಕರು. ಸಂಬಳವಿತ್ತು, ಶಿಸ್ತಿತ್ತು, ವರ್ಷಗಟ್ಟಲೆ ಒಂದೇ ಬೆಟ್ಟದ ಹೊಣೆಯಿತ್ತು. ಬೋಳು ಇಳಿಜಾರುಗಳು ಮತ್ತೆ ಹಸಿರಾದವು.

ಕರ್ನಾಟಕದ ಮಲೆನಾಡಿನಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಆ ಅಪ್ಪಿಕೋ ಚಳವಳಿಯ ಮುಂಚೂಣಿಯಲ್ಲಿದ್ದವರು ಹಳ್ಳಿಯ ಯುವಕರು. 1993ರಲ್ಲಿ ರಾಜ್ಯ ಸರ್ಕಾರವು ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು. ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡವು. ಯೋಜನೆಯ ಹಣ ಬರುತ್ತಿದ್ದಷ್ಟು ಕಾಲ ಚುರುಕಾಗಿದ್ದ ಎಷ್ಟೋ ಸಮಿತಿಗಳು ಹಣ ನಿಂತೊಡನೆ ನಿಸ್ತೇಜವಾದವು.

ಇದೇ ಪಾಠವನ್ನು ಕಾವೇರಿಯ ದಡವೂ ಕಲಿಸಿದೆ. ಹಳ್ಳಿಗರು ಬಿಳಿಮೀನು ಎಂದು ಕರೆಯುವ ಮಹಸೀರ್ ಮೀನನ್ನು ಸಿಡಿಮದ್ದು ಹಾಕಿ ಹಿಡಿಯುವ ದುರಭ್ಯಾಸ ಒಂದು ಕಾಲಕ್ಕೆ ಈ ಹೊಳೆಯಲ್ಲಿತ್ತು. ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಗಳಲ್ಲಿ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಗಾಳದ ಶಿಬಿರಗಳು ಬಂದಾಗ ಸುತ್ತಲಿನ ಹಳ್ಳಿಗಳವರಿಗೆ ಕಾವಲುಗಾರರಾಗಿ, ಮಾರ್ಗದರ್ಶಕರಾಗಿ ಕೆಲಸ ದೊರೆಯಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. ಹೊಳೆಯ ಮಡುಗಳನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರು? ಮುಂದೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣದಿಂದ ಅಭಯಾರಣ್ಯದೊಳಗೆ ಗಾಳದ ಮೀನುಗಾರಿಕೆ ನಿಂತಿತು. ಅದನ್ನೇ ನೆಚ್ಚಿದ್ದ ಉದ್ಯೋಗಗಳೂ ಹೋದವು. ಇತ್ತ 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಸೀರ್ ಅತ್ಯಂತ ಅಪಾಯದಂಚಿನ ಜೀವಿಗಳ ಜಾಗತಿಕ ಪಟ್ಟಿಯನ್ನು ಸೇರಿತು. ಕಾವಲಿನ ಸಂಬಳ ಪ್ರವಾಸಿಗರ ಹವ್ಯಾಸಕ್ಕೆ ಜೋತುಬಿದ್ದಿರಬಾರದು. ಹೊಳೆ ಇರುವಷ್ಟು ಕಾಲ ಅದರ ಕಾವಲುಗಾರನೂ ಇರಬೇಕು.

ಕನಕಪುರದಂತಹ ತಾಲ್ಲೂಕಿನಲ್ಲಿ ಯುವಪಡೆಗೆ ವರ್ಷವಿಡೀ ಕೆಲಸವಿದೆಯೇ ಎಂಬ ಸಂಶಯ ಸಹಜ. ಕೃಷಿ ಪಂಚಾಂಗವನ್ನೇ ಮುಂದಿಟ್ಟುಕೊಂಡು ನೋಡಬಹುದು. ಜನವರಿಯಲ್ಲಿ ಬೆಂಕಿ ರೇಖೆಗಳನ್ನು ಸವರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಲೆಯುದುರಿದ ಕಾಡಿನಲ್ಲಿ ಕಾಳ್ಗಿಚ್ಚಿನ ಕಾವಲು. ಬೇಸಿಗೆಯಲ್ಲಿಯೇ ಕಮರ, ಹೊಂಗೆಗಳ ಬೀಜ ಆಯ್ದು, ಗುಂಡಿ ತೋಡಿಡಬೇಕು. ಜೂನ್, ಜುಲೈಗಳಲ್ಲಿ ನಾಟಿ. ಸೆಪ್ಟೆಂಬರ್, ಅಕ್ಟೋಬರ್‌ಗಳ ದೊಡ್ಡ ಮಳೆಯಲ್ಲಿ ನೆಲ ಮೆತ್ತಗಿರುವಾಗ ಲಂಟಾನವನ್ನು ಬೇರಿನ ಕತ್ತಿನ ಕೆಳಗೆ ಕತ್ತರಿಸಿ, ತಲೆಕೆಳಗಾಗಿಸಿಟ್ಟರೆ ಅದು ಮತ್ತೆ ಚಿಗುರುವುದು ವಿರಳ. ನವೆಂಬರ್, ಡಿಸೆಂಬರ್‌ಗಳಲ್ಲಿ ರಾಗಿ ಕೊಯ್ಲಿಗೆ ಬಂದಾಗ ಆನೆಗಳ ಚಲನವಲನವನ್ನು ಗಮನಿಸಿ ಊರಿಗೆ ಮುನ್ಸೂಚನೆ ನೀಡಬೇಕು. ಕಿತ್ತ ಲಂಟಾನವೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜುಗಳನ್ನು ಹೆಣೆದು ಮಾರಿದ್ದಾರೆ. ಹನ್ನೆರಡು ತಿಂಗಳಲ್ಲಿ ಬಿಡುವಿರುವ ತಿಂಗಳು ಒಂದೂ ಇಲ್ಲ.

ವಿದ್ಯಾರ್ಥಿಗಳು ಇದನ್ನು ವೃತ್ತಿಯಾಗಿಯೂ ಕಾಣಬೇಕು. 2023ರಲ್ಲಿ ಅರಣ್ಯ ಇಲಾಖೆ ಹೊರಡಿಸಿದ ನೇಮಕಾತಿ ಪ್ರಕಟಣೆಗಳಲ್ಲಿ ಅರಣ್ಯ ವೀಕ್ಷಕ ಹುದ್ದೆಗೆ ಎಸ್.ಎಸ್.ಎಲ್.ಸಿ., ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿ.ಯು.ಸಿ. ವಿದ್ಯಾರ್ಹತೆಯಿತ್ತು. ಹೆಚ್ಚಿನ ಓದಿಗೆ ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಅಲ್ಲಿನ ಪದವಿ ವಲಯ ಅರಣ್ಯಾಧಿಕಾರಿಯ ಹುದ್ದೆಗೆ ಒಂದು ದಾರಿ. 2012ರಲ್ಲಿ ಘೋಷಿತವಾದ ರಾಮದೇವರಬೆಟ್ಟದ ರಣಹದ್ದು ಧಾಮದಂತಹ ತಾಣಗಳಿಗೆ ಹಕ್ಕಿಗಳನ್ನು ಗುರುತಿಸಿ ಎಣಿಸಬಲ್ಲವರು ಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಜನತಾ ಜೀವವೈವಿಧ್ಯ ದಾಖಲೆಗಳನ್ನು ಬರೆಯಬಲ್ಲವರು ಬೇಕು.

ಈ ದಾರಿ ಹೂವಿನ ಹಾಸಿಗೆಯೆಂದು ಹೇಳಿದರೆ ಅದು ವಂಚನೆಯಾದೀತು. ದಿನಗೂಲಿಯ ಮೇಲೆ ಹಲವು ವರ್ಷ ದುಡಿದರೂ ಕಾಯಂ ಆಗದ ಕಾವಲುಗಾರರು ಕಾಡಿನಂಚಿನ ಹಳ್ಳಿಗಳಲ್ಲಿದ್ದಾರೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚನ್ನು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. ಸೊಪ್ಪಿನ ಕೊಂಬೆಯೊಂದನ್ನು ಕೈಗಿತ್ತು ಹುಡುಗರನ್ನು ಬೆಂಕಿಯೆದುರು ನಿಲ್ಲಿಸುವುದಕ್ಕೆ ಯುವಪಡೆಯೆಂದು ಹೆಸರಿಡಲಾಗದು. ವಿಮೆ, ಬೂಟು, ಸಲಕರಣೆ, ತರಬೇತಿ, ತಿಂಗಳ ಸಂಬಳ ಇವಿಲ್ಲದೆ ಯಾರನ್ನೂ ಕಾಡಿಗೆ ಕಳುಹಿಸಕೂಡದು.

ಮತ್ತೊಂದು ಮಾತು. ಈ ಸೀಮೆಯ ಇರುಳಿಗರು ತಲೆಮಾರುಗಳಿಂದ ಕಾಡನ್ನು ಬಲ್ಲವರು. 2006ರ ಅರಣ್ಯ ಹಕ್ಕು ಕಾಯ್ದೆಯು ಭೂಮಿಯ ಹಕ್ಕನ್ನಷ್ಟೇ ಹೇಳುವುದಿಲ್ಲ; ಕಾಡನ್ನೂ ವನ್ಯಜೀವಿಗಳನ್ನೂ ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ನೀಡುತ್ತದೆ. ಇರುಳಿಗರ ಮಕ್ಕಳನ್ನು ಹೊರಗಿಟ್ಟು ಕಟ್ಟುವ ಪಡೆಗೆ ಕಾಡಿನ ದಾರಿಯೇ ತಿಳಿಯದು. ಹಾಗೆಯೇ ಸೌದೆ, ಮೇವು, ನೀರಿಗಾಗಿ ದಿನವೂ ಬೆಟ್ಟ ಹತ್ತುವ ಹೆಣ್ಣುಮಕ್ಕಳಿಗೆ ಅದರಲ್ಲಿ ಸರಿಪಾಲು ಇರಲೇಬೇಕು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಮುಂದಿನ ಗ್ರಾಮಸಭೆಯಲ್ಲಿ ಮೂರು ನಿರ್ಣಯಗಳನ್ನು ಮಂಡಿಸಬಹುದು. ಒಂದು, ಊರಿನ ಗೋಮಾಳ, ಗುಂಡುತೋಪು, ಕೆರೆಗಳನ್ನು ಸರ್ವೆ ನಂಬರು ಸಹಿತ ಪಟ್ಟಿ ಮಾಡಿ ಗಡಿ ಗುರುತಿಸುವುದು. ಎಲ್ಲೆ ತಿಳಿಯದ ನೆಲವನ್ನು ಕಾಯಲಾಗದು. ಎರಡು, ಮೂರು ವರ್ಷ ಪಾಲಿಸುವವರ ಹೆಸರು ಮತ್ತು ಅವರ ವೇತನದ ಮೂಲ ನಿಗದಿಯಾಗದೆ ಸಾರ್ವಜನಿಕ ನೆಲದಲ್ಲಿ ಒಂದು ಸಸಿಯನ್ನೂ ನೆಡದಿರುವುದು. ಮೂರು, ಪಂಚಾಯಿತಿಗೆ ಹತ್ತು ಮಂದಿಯ ಪಡೆಯನ್ನು ಆರಿಸಿ, ಅವರ ದುಡಿಮೆಯ ದಿನಗಳನ್ನು ದಾಖಲಿಸಿ, ಮುಂದಿನ ಅರಣ್ಯ ನೇಮಕಾತಿಗಳಲ್ಲಿ ಆ ಅನುಭವಕ್ಕೆ ಮನ್ನಣೆ ನೀಡಬೇಕೆಂದು ಸರ್ಕಾರವನ್ನು ಒತ್ತಾಯಿಸುವುದು.

ಹುಲಿಕಲ್ಲಿನ ಆಲಗಳ ನೆರಳಿನಲ್ಲಿ ಇಂದಿಗೂ ದಾರಿಹೋಕರು ದಣಿವಾರಿಸಿಕೊಳ್ಳುತ್ತಾರೆ. ಆ ನೆರಳನ್ನು ಬೆಳೆಸಿದ ಇಬ್ಬರಿಗೆ ಶಾಲೆಯ ಓದಿರಲಿಲ್ಲ, ಸಂಬಳವಿರಲಿಲ್ಲ. ಓದಿದ ಮಕ್ಕಳ ಕೈಗೆ ಸಂಬಳವನ್ನೂ ಹೊಣೆಯನ್ನೂ ಒಟ್ಟಿಗೆ ಒಪ್ಪಿಸಿದರೆ ಕನಕಪುರದ ಬೆಟ್ಟಗಳ ಗತಿ ಏನಾದೀತೆಂಬುದನ್ನು ಸಭಿಕರೇ ಯೋಚಿಸಬೇಕು.