ನೆಗೆಟಿವ್ ಇಲ್ಲದ ಮುಖಗಳು

ಹೊಸಹಳ್ಳಿಯಿಂದ ಕೊಟ್ಟೂರು ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಹೋಗಿ ಬಂದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಜಾತ್ರೆಯ ಅಂಗಡಿ ಸಾಲು ಹೇಗಿರುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ಬೆಂಡು ಬತ್ತಾಸು, ಬಳೆ, ಬಲೂನು, ಮಿರ್ಚಿ ಮಂಡಕ್ಕಿ. ಇವುಗಳ ನಡುವೆ ಒಂದು ಪರದೆ ಕಟ್ಟಿ, ಅದರ ಮೇಲೆ ಬಂಗಲೆಯನ್ನೋ ವಿಮಾನವನ್ನೋ ಬರೆಸಿ, ಮುಂದೊಂದು ಕುರ್ಚಿ ಹಾಕಿಕೊಂಡು ಗಿರಾಕಿಯನ್ನು ಕಾಯುವ ಫೋಟೊದವನೂ ನಮ್ಮ ಜಾತ್ರೆಗಳಲ್ಲಿ ಬಹುಕಾಲ ಇದ್ದ. ಬಳೆಗಾರನ ಮೇಲೆ ಹಾಡುಗಳಿವೆ. ಫೋಟೊದವನ ಮೇಲೆ ಬರೆದವರು ಕಡಿಮೆ. ಅವನ ಕಸುಬಿನ ಒಂದು ಕವಲು ಈ ಹೊತ್ತಿನ ವಿಷಯ: ನಿಂತಲ್ಲೇ ತೆಗೆದು, ನಿಂತಲ್ಲೇ ಕೈಗೆ ಕೊಟ್ಟು, ನಿಂತಲ್ಲೇ ದುಡ್ಡು ಎಣಿಸಿಕೊಳ್ಳುವ ಚಿತ್ರದ ವ್ಯಾಪಾರ.

ಈ ವ್ಯಾಪಾರದ ಗುಟ್ಟು ಕ್ಯಾಮೆರಾದಲ್ಲಿಲ್ಲ, ನಂಬಿಕೆಯಲ್ಲಿದೆ. ಪೇಟೆಯ ಸ್ಟುಡಿಯೊದಲ್ಲಿ ಫೋಟೊ ತೆಗೆಸಿದರೆ 'ನಾಲ್ಕು ದಿನ ಬಿಟ್ಟು ಬನ್ನಿ' ಎನ್ನುತ್ತಿದ್ದರು. ಅಂಗಡಿ ಅಲ್ಲೇ ಇರುತ್ತದೆ, ಗಿರಾಕಿಯೂ ಅದೇ ಊರಿನವನು. ಜಾತ್ರೆಯಲ್ಲಿ ಹಾಗಲ್ಲ. ಎತ್ತಿನ ಗಾಡಿಯಲ್ಲೋ, ಲಾರಿಯಲ್ಲೋ, ಕಾಲ್ನಡಿಗೆಯಲ್ಲೋ ಬಂದವರು ತೇರು ಎಳೆದು, ಬಾಳೆಹಣ್ಣು ಎಸೆದು, ಸಂಜೆಗೆ ಊರ ದಾರಿ ಹಿಡಿಯುತ್ತಾರೆ. ಫೋಟೊದವನೂ ಮುಂದಿನ ಜಾತ್ರೆಗೆ ಡೇರೆ ಕಿತ್ತುಕೊಂಡು ಹೊರಡುತ್ತಾನೆ. ವಿಳಾಸ ಬರೆದುಕೊಂಡು, ಮುಂಗಡ ಪಡೆದು, ಅಂಚೆಯಲ್ಲಿ ಕಳಿಸುತ್ತೇನೆ ಎಂದರೆ ನಂಬುವವರಾರು? ಫೋಟೊ ಮೊದಲು, ದುಡ್ಡು ಆಮೇಲೆ ಎಂದರೆ ಫೋಟೊದವನ ಗತಿಯೇನು? ಎರಡನೆಯ ಭೇಟಿಯೇ ಇಲ್ಲದ ಇಬ್ಬರ ನಡುವೆ ವ್ಯಾಪಾರ ಕುದುರಬೇಕಾದರೆ ಮಾಲು ಅಲ್ಲೇ ಕೈಗೆ ಸಿಗಬೇಕು. ಬೆಂಡು ಬತ್ತಾಸು ಕೊಂಡಂತೆ ಮುಖವನ್ನೂ ಕೊಂಡುಕೊಳ್ಳುವಂತಾಗಬೇಕು.

ಇದಕ್ಕೆ ಬೀದಿಯ ಛಾಯಾಗ್ರಾಹಕರು ಕಂಡುಕೊಂಡ ಉಪಾಯ ಮರದ ಪೆಟ್ಟಿಗೆ. ಜೈಪುರದಂಥ ಊರುಗಳಲ್ಲಿ ಇದಕ್ಕೆ ಮಿನಿಟ್ ಕ್ಯಾಮೆರಾ ಎಂಬ ಹೆಸರಿದೆ. ಆಫ್ಘಾನಿಸ್ತಾನದ ಬೀದಿಗಳಲ್ಲಿಯೂ ಇದು ದಶಕಗಳ ಕಾಲ ನಡೆಯಿತು. ಮೂರು ಕಾಲಿನ ಮೇಲೆ ನಿಂತ ಈ ಪೆಟ್ಟಿಗೆ ಕ್ಯಾಮೆರಾವೂ ಹೌದು, ಕತ್ತಲೆ ಕೋಣೆಯೂ ಹೌದು. ಮುಂದೆ ಲೆನ್ಸು. ಒಳಗೆ ಎರಡು ಪುಟ್ಟ ತಟ್ಟೆಗಳಲ್ಲಿ ಡೆವಲಪರ್ ಮತ್ತು ಹೈಪೊ. ಬೆಳಕು ನುಗ್ಗದಂತೆ ಹೊಲಿದ ಬಟ್ಟೆಯ ತೋಳಿನೊಳಗೆ ಕೈ ಹಾಕಿ ಫೋಟೊದವನು ತಡಕಾಡಿಕೊಂಡೇ ಕೆಲಸ ಮಾಡಬೇಕು. ಒಳಗೆ ಫಿಲ್ಮಿನ ಬದಲು ಫೋಟೊ ಕಾಗದವನ್ನೇ ಇಟ್ಟು, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮುಚ್ಚಳ ಹಾಕಿ, ಕಾಗದವನ್ನು ತಟ್ಟೆಗಳಲ್ಲಿ ಅದ್ದಿದರೆ ಕಪ್ಪು ಬಿಳುಪು ಅದಲುಬದಲಾದ ಮುಖ ಮೂಡುತ್ತದೆ. ಅದೇ ನೆಗೆಟಿವ್. ಅದನ್ನು ಲೆನ್ಸಿನ ಮುಂದಿನ ಸಣ್ಣ ಹಲಗೆಗೆ ಸಿಕ್ಕಿಸಿ ಮತ್ತೊಮ್ಮೆ ಫೋಟೊ ತೆಗೆದರೆ ಅದಲುಬದಲಾದದ್ದು ನೆಟ್ಟಗಾಗುತ್ತದೆ. ಪಕ್ಕದ ಬಕೆಟ್ಟಿನ ನೀರಿನಲ್ಲಿ ಜಾಲಾಡಿಸಿ ಕೊಟ್ಟರೆ ಮುಗಿಯಿತು. ಕಚೇರಿಯ ಅರ್ಜಿಗೆ ಅಂಟಿಸಲು ಮುಖಚಿತ್ರ ಬೇಕಾದವರಿಗೆ ಇಷ್ಟು ಸಾಕಾಗಿತ್ತು. ಖರ್ಚೂ ಕಡಿಮೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನಲ್ಲಿ ಕಪ್ಪು ಬಿಳುಪಿನ ಫಿಲ್ಮು, ಕಾಗದಗಳನ್ನು ಮಾಡುತ್ತಿದ್ದ ಕಾಲ ಅದು.

ಕಾಗದದ ನೆಗೆಟಿವ್ ಎಂದರೆ ಬಡವರ ಅಡ್ಡದಾರಿ ಎಂದು ಯಾರೂ ಭಾವಿಸಬೇಕಾಗಿಲ್ಲ. ಕಾಗದದ ಮೇಲೆ ನೆಗೆಟಿವ್ ಪಡೆಯುವ ಕ್ರಮಕ್ಕೆ ಇಂಗ್ಲೆಂಡಿನ ಟಾಲ್ಬಟ್ ಪೇಟೆಂಟ್ ಪಡೆದದ್ದು 1841ರಲ್ಲಿ. ಹದಿನೈದೇ ವರ್ಷಗಳ ನಂತರ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಅವಶೇಷಗಳ ಚಿತ್ರ ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆಯೇ. ಈಗ ವಿಜಯನಗರ ಜಿಲ್ಲೆ ಎನಿಸಿಕೊಂಡಿರುವ ಈ ಸೀಮೆ ಕ್ಯಾಮೆರಾ ಕಂಡದ್ದು ಅಷ್ಟು ಹಿಂದೆ. ಆ ನೆಗೆಟಿವ್‌ಗಳು ಬಹುಕಾಲ ಮರೆಯಾಗಿದ್ದು ಮತ್ತೆ ಬೆಳಕಿಗೆ ಬಂದಾಗ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಹೊಸ ಚಿತ್ರಗಳನ್ನು ತೆಗೆದರು. ನೂರು ವರ್ಷ ದಾಟಿದ ನೆಗೆಟಿವ್‌ನಿಂದ ಹೊಸ ಪ್ರತಿ ಮಾಡಬಹುದು ಎಂಬ ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಇನ್ನು ಪೋಲರಾಯ್ಡ್. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ರಜೆಯಲ್ಲಿ ಮಗಳ ಫೋಟೊ ತೆಗೆದಾಗ ಆ ಮೂರು ವರ್ಷದ ಹುಡುಗಿ 'ಈಗಲೇ ಯಾಕೆ ನೋಡಬಾರದು?' ಎಂದು ಕೇಳಿದಳಂತೆ. ಜಾತ್ರೆಯ ಗಿರಾಕಿ ಕೇಳುವುದೂ ಇದನ್ನೇ, ಆದರೆ ಆ ತಂದೆ ವಿಜ್ಞಾನಿಯಾಗಿದ್ದರು. 1947ರ ಫೆಬ್ರುವರಿ 21ರಂದು ಅವರು ನ್ಯೂಯಾರ್ಕಿನಲ್ಲಿ ಒಂದೇ ನಿಮಿಷದಲ್ಲಿ ಫೋಟೊ ತೆಗೆದು ತೋರಿಸಿದರು. ಮರುವರ್ಷ ಕ್ಯಾಮೆರಾ ಮಾರಾಟಕ್ಕೆ ಬಂತು. 1972ರಲ್ಲಿ ಬಂದ ಎಸ್‌ಎಕ್ಸ್-70 ಮಾದರಿಯಲ್ಲಿ ಸಿಪ್ಪೆ ಸುಲಿಯುವ ಕೆಲಸವೂ ಇರಲಿಲ್ಲ. ಚಿತ್ರ ಕ್ಯಾಮೆರಾದ ಬಾಯಿಂದ ಹೊರಬಂದು ಕೈಯಲ್ಲೇ ಮೂಡುತ್ತಿತ್ತು. ಅದರ ಕೆಳಗಿನ ಬಿಳಿ ಅಂಚು ಅಗಲವಾಗಿರುವುದು ಚಂದಕ್ಕಲ್ಲ. ರಾಸಾಯನಿಕದ ಪುಟ್ಟ ಚೀಲ ಅಲ್ಲಿರುತ್ತದೆ. ಹಾಳೆ ಹೊರಬರುವಾಗ ಎರಡು ಉರುಳೆಗಳು ಆ ಚೀಲವನ್ನು ಒಡೆದು ರಸವನ್ನು ಪದರಗಳ ನಡುವೆ ಸವರುತ್ತವೆ. ಕತ್ತಲೆ ಕೋಣೆಯನ್ನು ಮರದ ಪೆಟ್ಟಿಗೆಯೊಳಗೆ ಇಟ್ಟವರು ಬೀದಿಯವರಾದರೆ, ಅದನ್ನು ಹಾಳೆಯೊಳಗೇ ಇಟ್ಟವರು ಲ್ಯಾಂಡ್.

ಹೊರದೇಶಗಳ ಪ್ರವಾಸಿ ತಾಣಗಳಲ್ಲಿ, ಹೋಟೆಲುಗಳಲ್ಲಿ ಇದನ್ನು ಹೆಗಲಿಗೆ ಹಾಕಿಕೊಂಡು ಹೊಟ್ಟೆ ಹೊರೆದವರು ಅನೇಕರು. ನಮ್ಮ ಕಡೆಯ ಜಾತ್ರೆಗಳಿಗೆ ಮಾತ್ರ ಇದು ಸುಲಭದ ಸಾಮಾನಲ್ಲ. ಮೊದಲ ಅಡ್ಡಿ ಬಿಸಿಲು. ಈ ಫಿಲ್ಮು ಚೆನ್ನಾಗಿ ಕೆಲಸ ಮಾಡುವುದು ಸುಮಾರು 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ. ಕೊಟ್ಟೂರಿನ ತೇರು ಎಳೆಯುವ ಹೊತ್ತಿಗೆ ನಮ್ಮ ಬಯಲಿನ ಬಿಸಿಲು ಹೇಗಿರುತ್ತದೆಂದು ತಲೆಗೆ ಟವೆಲ್ ಸುತ್ತಿಕೊಂಡು ನಡೆದವರನ್ನೇ ಕೇಳಬೇಕು. ಶಾಖ ಹೆಚ್ಚಿದರೆ ಬಣ್ಣ ಹಳದಿ ಕೆಂಪಿಗೆ ತಿರುಗುತ್ತದೆ. ಹಾಳೆ ಹೊರಬಂದ ಕೂಡಲೇ ಅದನ್ನು ನೆರಳಿನಲ್ಲಿಡಬೇಕು, ಫಿಲ್ಮಿನ ಪೆಟ್ಟಿಗೆಯನ್ನು ತಂಪಿನಲ್ಲಿಡಬೇಕು. ಮೈಲಾರದಲ್ಲಿ ಕರಿ ಕಂಬಳಿ ಹೊದ್ದು, ಕರಡಿ ಕೂದಲಿನ ಟೋಪಿ ಧರಿಸಿದ ಗೊರವಯ್ಯನ ಪಕ್ಕ ಬಿಳಿ ಪಂಚೆಯವನೊಬ್ಬ ನಿಂತರೆ ಇನ್ನೊಂದು ಫಜೀತಿ. ಒಬ್ಬನಿಗೆ ಬೆಳಕು ಹೊಂದಿಸಿದರೆ ಮತ್ತೊಬ್ಬ ಸುಟ್ಟುಹೋಗುತ್ತಾನೆ. ಬಿಲ್ಲೇರಿದ ಗೊರವಯ್ಯ ಕಾರ್ಣಿಕ ನುಡಿಯುವುದು ಒಂದೇ ಸಲ. ಈ ಹಾಳೆಯೂ ಹಾಗೆಯೇ, ತಿದ್ದಲು ಬರುವುದಿಲ್ಲ.

ಎರಡನೆಯದು ಲೆಕ್ಕ. ಎಸ್‌ಎಕ್ಸ್-70ರ ಒಂದು ಪ್ಯಾಕಿನಲ್ಲಿ 10 ಹಾಳೆಗಳಿದ್ದವು. ಜಪಾನಿನ ಫ್ಯೂಜಿ 1998ರಲ್ಲಿ ತಂದ, ಇಂದಿಗೂ ಸಿಗುವ ಇನ್‌ಸ್ಟಾಕ್ಸ್ ಪ್ಯಾಕಿನಲ್ಲೂ ಅಷ್ಟೇ. ಹಾಳೆಯೊಂದಕ್ಕೆ 60 ರೂಪಾಯಿ ಬಿತ್ತು, ಗಿರಾಕಿಗೆ 100 ರೂಪಾಯಿಗೆ ಕೊಟ್ಟ ಎಂದಿಟ್ಟುಕೊಳ್ಳಿ. ಹತ್ತೂ ಮಾರಿದರೆ 400 ಲಾಭ. ಕಣ್ಣು ಮುಚ್ಚಿತು, ಮಗು ಅತ್ತಿತು, ಬಿಸಿಲು ಹೆಚ್ಚಾಯಿತು ಎಂದು ಎರಡು ಕೆಟ್ಟರೆ ಉಳಿಯುವುದು 200. ನಾಲ್ಕು ಕೆಟ್ಟರೆ ಬಂದದ್ದು 600, ಹೋದದ್ದೂ 600. ಜಾಗದ ಬಾಡಿಗೆ, ಬಸ್ಸಿನ ಖರ್ಚು, ಊಟ ಇದರಲ್ಲಿ ಸೇರಿಲ್ಲ. ಮರದ ಪೆಟ್ಟಿಗೆಯವನ ಕಾಗದ ಕೆಟ್ಟರೆ ಹೋಗುವುದು ಅಲ್ಪ. ಇವನದು ಕೆಟ್ಟರೆ ಹೋಗುವುದು ಒಂದು ಹೊತ್ತಿನ ಊಟ. ಆದ್ದರಿಂದ ಈ ಕಸುಬಿನಲ್ಲಿ ಗೆಲ್ಲುವವನು ಕಲಾವಿದನಿಗಿಂತ ಹೆಚ್ಚಾಗಿ ಗಿರಾಕಿಯನ್ನು ನೆರಳಿಗೆ ಕರೆತಂದು ನಿಲ್ಲಿಸುವ ತಾಳ್ಮೆಗಾರ. ಚೌಕಾಸಿಗೂ ಇಲ್ಲಿ ಅವಕಾಶ ಕಡಿಮೆ. ಚಿತ್ರ ಮೂಡಿದ ಮೇಲೆ ಗಿರಾಕಿ ಬೇಡವೆಂದರೆ ಅವನ ಮುಖವನ್ನು ಇನ್ಯಾರು ಕೊಳ್ಳುತ್ತಾರೆ? ಹಾಗಾಗಿ ಬೆಲೆ ಮೊದಲೇ ಖಚಿತವಾಗಬೇಕು.

ಪೋಲರಾಯ್ಡ್ ಕಂಪನಿ 2001ರಲ್ಲಿ ದಿವಾಳಿಯಾಯಿತು. 2008ರಲ್ಲಿ ಫಿಲ್ಮು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಹಾಲೆಂಡಿನ ಅದರ ಕಾರ್ಖಾನೆಯನ್ನು ಕೆಲವರು ಉಳಿಸಿಕೊಂಡು 2010ರಲ್ಲಿ ಹೊಸ ಫಿಲ್ಮು ತಂದರು. ಅದು ಬೀದಿಯ ವ್ಯಾಪಾರಕ್ಕಿಂತ ಹವ್ಯಾಸಿಗಳ ಕೈಗೇ ಹೆಚ್ಚು ಸೇರಿತು. ಮುಂಬೈಯ ಗೇಟ್‌ವೇ ಮುಂದೆ ನಿಂತು ದುಡಿಯುವವರು ಡಿಜಿಟಲ್ ಕ್ಯಾಮೆರಾ, ಹೆಗಲ ಚೀಲದ ಪ್ರಿಂಟರ್ ಹಿಡಿದರು. ಗಿರಾಕಿಯ ಕೈಗೂ ಮೊಬೈಲ್ ಬಂದ ಮೇಲೆ ಅವರು ಮಾರುವುದು ಚಿತ್ರವನ್ನಲ್ಲ, ಕಾಗದವನ್ನು. ಒಂದು ಸಮಾಧಾನವಿದೆ: 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸರಕು ಮಾರುವವರನ್ನಷ್ಟೇ ಅಲ್ಲ, ಬೀದಿಯಲ್ಲಿ ಸೇವೆ ಒದಗಿಸುವವರನ್ನೂ ಬೀದಿ ವ್ಯಾಪಾರಿಗಳೆಂದು ಒಪ್ಪುತ್ತದೆ. ಪಟ್ಟಣಗಳಲ್ಲಿ ಗುರುತಿನ ಚೀಟಿ ಕೇಳುವಾಗ ಫೋಟೊದವರು ಹಿಂಜರಿಯಬೇಕಾಗಿಲ್ಲ.

ಈಗ ಹಂಪಿಯ ನೆಗೆಟಿವ್‌ಗಳ ಮಾತಿಗೆ ಬರೋಣ. ಕಲ್ಲಿನ ಮಂಟಪಗಳ ಚಿತ್ರಕ್ಕೆ ನೆಗೆಟಿವ್ ಉಳಿಯಿತು. ನಿಂತಲ್ಲೇ ಕೊಂಡ ಮುಖಗಳಿಗೆ ಅದು ಉಳಿಯಲಿಲ್ಲ. ಮರದ ಪೆಟ್ಟಿಗೆಯ ಕಾಗದದ ನೆಗೆಟಿವ್ ಎಷ್ಟೋ ಸಲ ಬೀದಿಯಲ್ಲೇ ಬಿತ್ತು. ಪೋಲರಾಯ್ಡ್ ಹಾಳೆಯಲ್ಲಿ ಬೇರೆ ನೆಗೆಟಿವ್ ಇರುವುದೇ ಇಲ್ಲ. ಇರುವುದೊಂದೇ ಪ್ರತಿ. ಅಜ್ಜಿಯೊಬ್ಬಳು ಬದುಕಿನಲ್ಲಿ ಒಮ್ಮೆ ಮಾತ್ರ ಕ್ಯಾಮೆರಾ ಮುಂದೆ ಕೂತಿದ್ದರೆ, ಅದೂ ಜಾತ್ರೆಯಲ್ಲಾಗಿದ್ದರೆ, ಅವಳ ಮುಖ ಈ ಲೋಕದಲ್ಲಿರುವುದು ಪಡಸಾಲೆಯ ಆ ಒಂದು ಚೌಕಟ್ಟಿನಲ್ಲಿ ಮಾತ್ರ. ದೇವರ ಪಟಗಳ ಸಾಲಿನಲ್ಲಿ, ದೀಪದ ಹೊಗೆಗೆ, ಬಾಗಿಲಿನಿಂದ ಬೀಳುವ ಬಿಸಿಲಿಗೆ ಒಡ್ಡಿಕೊಂಡು ಅದು ವರ್ಷ ವರ್ಷವೂ ಮಾಸುತ್ತಿರುತ್ತದೆ. ತೊಳೆದದ್ದು ಸಾಲದೆ ಹೈಪೊ ಉಳಿದಿದ್ದರೆ ಕಾಗದ ತಾನಾಗಿಯೇ ಕಂದಿಹೋಗುತ್ತದೆ. ಬೀದಿಯಲ್ಲಿ ಒಂದೇ ಬಕೆಟ್ ನೀರಿನಲ್ಲಿ ಇಡೀ ದಿನ ತೊಳೆದ ಚಿತ್ರಗಳಿಗೆ ಈ ಕಾಯಿಲೆ ಬೇಗ ಹಿಡಿಯುತ್ತದೆ.

ಅಂಥ ಚಿತ್ರ ಮನೆಯಲ್ಲಿದ್ದರೆ ಮೊದಲು ಬಿಸಿಲು ಬೀಳದ ಗೋಡೆಗೆ ಬದಲಾಯಿಸಿ. ಗಾಜಿಗೆ ನೇರವಾಗಿ ತಾಗಿ ಕೂತಿದ್ದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಸಮೇತವೇ ಪ್ರತಿ ತೆಗೆಸಿ. ಪೋಲರಾಯ್ಡ್ ಆಗಿದ್ದರೆ ಚೌಕಟ್ಟಿಗೆ ಹೊಂದಲೆಂದು ಬಿಳಿ ಅಂಚನ್ನು ಕತ್ತರಿಸಬೇಡಿ, ಗಾಳಿ ತೇವ ಒಳಹೊಕ್ಕು ಪದರಗಳು ಬಿಡುತ್ತವೆ. ಸ್ಕ್ಯಾನ್ ಮಾಡಿಸಲು ಹರಪನಹಳ್ಳಿಗೋ ಕೂಡ್ಲಿಗಿಗೋ ಹೋಗಲಾಗದಿದ್ದರೆ ಮನೆಯ ಮಕ್ಕಳ ಕೈಯಲ್ಲಿರುವ ಮೊಬೈಲ್ ಸಾಕು. ಹಗಲಿನ ನೆರಳಿನಲ್ಲಿ, ಫ್ಲಾಶ್ ಹಾಕದೆ ತೆಗೆಯಬೇಕು. ಹಾಗೆಯೇ ಚಿತ್ರದಲ್ಲಿರುವವರ ಹೆಸರು, ಯಾವ ಜಾತ್ರೆ, ಯಾವ ವರ್ಷ ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಹಿಂದೆ ಪೆನ್ನಿನಲ್ಲಲ್ಲ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದಿಡಿ. ಪೋಲರಾಯ್ಡಿಗಾದರೆ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.