ಡಯಾಲಿಸಿಸ್: ರಕ್ತದ ದಾರಿಗೂ ಒಂದು ಲೆಕ್ಕ



ಕಾಫಿ ತೋಟದವರಿಗೆ ಮಳೆಯ ಲೆಕ್ಕ ಹೊಸದಲ್ಲ. ಮೂಡಿಗೆರೆಯಾಗಲಿ ಕಳಸವಾಗಲಿ, ಹೂಮಳೆ ಎಷ್ಟು ಸೆಂಟು ಬಿತ್ತು, ಆಷಾಢದಲ್ಲಿ ಎಷ್ಟು ಇಂಚು ಸುರಿಯಿತು ಎಂದು ಬರೆದಿಡುತ್ತಾರೆ. ಅಂಥದೇ ಲೆಕ್ಕ ಡಯಾಲಿಸಿಸ್ ರೋಗಿಗಳ ಆರೈಕೆಗೂ ಬೇಕು.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ದೊರೆಯುವಂತಾಯಿತು. ಆದರೆ ಯಂತ್ರವಿದ್ದರೆ ಸಾಲದು. ರಕ್ತ ಯಂತ್ರಕ್ಕೆ ಹೋಗಿ ಮರಳುವ ದಾರಿಯೂ ಚೆನ್ನಾಗಿರಬೇಕು.

ಈ ದಾರಿ ಮುಖ್ಯವಾಗಿ ಎರಡು ಬಗೆ. ಒಂದು, ಕುತ್ತಿಗೆಯ ಬಳಿ ಹಾಕುವ ಕೊಳವೆ, ಅಂದರೆ ಕ್ಯಾತಿಟರ್. ಹಾಕಿದ ದಿನವೇ ಬಳಸಬಹುದು. ಆದರೆ ಸೋಂಕಿನ ಭಯ ಹೆಚ್ಚು. ಮಲೆನಾಡಿನ ಮಳೆಯಲ್ಲಿ ಬಸ್ಸು ಹಿಡಿದು ಘಟ್ಟದ ದಾರಿ ಸುತ್ತಿ ಬರುವವರಿಗೆ ಅದರ ಪಟ್ಟಿಯನ್ನು ಒದ್ದೆಯಾಗದಂತೆ ಕಾಯುವುದೇ ಕಷ್ಟ. ಇನ್ನೊಂದು, ಕೈಯ ಎರಡು ರಕ್ತನಾಳಗಳನ್ನು, ಅಪಧಮನಿ ಮತ್ತು ಅಭಿಧಮನಿಯನ್ನು, ಜೋಡಿಸುವ ಫಿಸ್ಟುಲಾ. ಅಮೆರಿಕದ ವೈದ್ಯರಾದ ಬ್ರೆಸಿಯಾ, ಸಿಮಿನೋ ಮತ್ತು ಸಂಗಡಿಗರು ಇದನ್ನು 1966ರಲ್ಲಿ ಪ್ರಕಟಿಸಿದರು. ಇದು ಬಲಿಯಲು ಸಾಮಾನ್ಯವಾಗಿ 6 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಬಲಿತ ಮೇಲೆ ವರ್ಷಗಟ್ಟಲೆ ಬಾಳಬಲ್ಲುದು.

ಹಾಗಾದರೆ ಅಳೆಯುವುದೇನನ್ನು? ಮೊದಲನೆಯದು, ಹೊಸದಾಗಿ ಬಂದವರಲ್ಲಿ ಎಷ್ಟು ಮಂದಿಗೆ ಫಿಸ್ಟುಲಾ ಮೊದಲೇ ಸಿದ್ಧವಾಗಿತ್ತು? ಎರಡನೆಯದು, 3 ತಿಂಗಳು ಕಳೆದರೂ ಎಷ್ಟು ಮಂದಿ ಕೊಳವೆಯಲ್ಲೇ ಉಳಿದಿದ್ದಾರೆ? ಮೂರನೆಯದು, ಸೋಂಕು. 10 ಮಂದಿಗೆ 30 ದಿನ ಕೊಳವೆ ಇದ್ದರೆ ಅದು 300 ಕೊಳವೆ-ದಿನ. ಇಂಥ 1000 ದಿನಗಳಿಗೆ ಎಷ್ಟು ಬಾರಿ ರಕ್ತಕ್ಕೆ ಸೋಂಕು ತಗುಲಿತು ಎಂದು ನೋಡಿದರೆ, ಸಣ್ಣ ಕೇಂದ್ರವನ್ನೂ ದೊಡ್ಡದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. ಕೆಲವರ, ಅದರಲ್ಲೂ ವಯಸ್ಸಾದವರ ರಕ್ತನಾಳ ಫಿಸ್ಟುಲಾಕ್ಕೆ ಒಗ್ಗದು. ಅವರಿಗೆ ಕೊಳವೆ ಬೇಕಾಗಬಹುದು. ಆದುದರಿಂದ ಈ ಲೆಕ್ಕ ಯಾರನ್ನೂ ದೂರಲು ಅಲ್ಲ, ತಪ್ಪು ಎಲ್ಲಿ ನುಸುಳುತ್ತಿದೆ ಎಂದು ಅರಿಯಲು.

ರೋಗಿಗಳೂ ಒಂದು ಲೆಕ್ಕ ಇಡಬಹುದು. ದಿನವೂ ಬೆಳಿಗ್ಗೆ ಫಿಸ್ಟುಲಾದ ಮೇಲೆ ಬೆರಳಿಟ್ಟು ನೋಡಿ. ಒಳಗೆ ರಕ್ತ ಹರಿಯುವ ಸಣ್ಣ ನಡುಕ ತಿಳಿಯಬೇಕು. ಅದು ನಿಂತಿದ್ದರೆ ನಾಳೆಗೆ ಬಿಡದೆ ಅಂದೇ ಆಸ್ಪತ್ರೆಗೆ ಹೋಗಿ. ತಡವಾದರೆ ದಾರಿಯೇ ಮುಚ್ಚಿಹೋಗಬಹುದು. ಆ ಕೈಯಲ್ಲಿ ಕಾಫಿ ಮೂಟೆ ಎತ್ತಬೇಡಿ, ರಕ್ತದೊತ್ತಡ ನೋಡಲು ಪಟ್ಟಿ ಕಟ್ಟಿಸಿಕೊಳ್ಳಬೇಡಿ, ಪರೀಕ್ಷೆಗೆ ರಕ್ತ ಕೊಡಬೇಡಿ. ಮೂತ್ರಪಿಂಡ ಸೋಲುತ್ತಿದೆ ಎಂದು ತಿಳಿದವರು ಡಯಾಲಿಸಿಸ್ ಶುರುವಾಗುವ ಮುನ್ನವೇ ಫಿಸ್ಟುಲಾದ ಬಗ್ಗೆ ವೈದ್ಯರನ್ನು ಕೇಳಿ.

ಮಳೆ ನಮ್ಮ ಕೈಯಲ್ಲಿಲ್ಲ, ಆದರೂ ಅಳೆಯುತ್ತೇವೆ. ಇದಾದರೋ ನಮ್ಮ ಕೈಯಲ್ಲೇ ಇದೆ.