ಅಧಿಕಾರದಿಂದಿಳಿದವರ ವಿಚಾರಣೆ

(ಉಪಾಧ್ಯಾಯರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ರಾಜ್ಯಸೂತ್ರವನ್ನು ಹಿಡಿದಿದ್ದವರು ಅಧಿಕಾರದಿಂದಿಳಿದೊಡನೆ ಅವರ ಮೇಲೆ ಆರೋಪಗಳೇಳುವುದು ಹೊಸ ಸಂಗತಿಯಲ್ಲ. ಅವನ್ನು ಕೇಳಿಯೂ ಕೇಳದಂತಿದ್ದರೆ ಪ್ರಜೆಗಳಿಗೆ ಅನ್ಯಾಯ; ಗೆದ್ದ ಪಕ್ಷದ ಸೇಡಿಗೆ ಒಪ್ಪಿಸಿದರೆ ಆರೋಪಿತನಿಗೆ ಅನ್ಯಾಯ. ಇವೆರಡನ್ನೂ ತಪ್ಪಿಸುವ ದಾರಿ ಯಾವುದೆಂಬುದನ್ನು ನಾನು ಕೆಲವು ಮಾತುಗಳಲ್ಲಿ ವಿಜ್ಞಾಪಿಸುತ್ತೇನೆ.

ತುರ್ತುಪರಿಸ್ಥಿತಿಯು ಮುಗಿದ ಬಳಿಕ 1977ರ ಮೇ ತಿಂಗಳಲ್ಲಿ ಜನತಾ ಸರ್ಕಾರವು, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಜೆ. ಸಿ. ಷಾ ಅವರ ಆಯೋಗವನ್ನು ನೇಮಿಸಿತು. ಅದು ಬಹಿರಂಗವಾಗಿ ಸಾಕ್ಷ್ಯಗಳನ್ನು ಕೇಳಿ, ಕಡತಗಳನ್ನು ತರಿಸಿ ನೋಡಿ, ಮೂರು ವರದಿಗಳನ್ನು ಕೊಟ್ಟಿತು. ವಿಚಾರಣೆಯಿಲ್ಲದ ಸೆರೆ, ಪತ್ರಿಕೆಗಳ ಬಾಯಿಕಟ್ಟು, ಬಲಾತ್ಕಾರದ ಸಂತಾನಹರಣ ಚಿಕಿತ್ಸೆ ಇವೆಲ್ಲ ದಾಖಲೆಗೆ ಬಂದುವು. ಇದು ಸಣ್ಣ ಸೇವೆಯಲ್ಲ.

ಆದರೆ ಸರ್ಕಾರಕ್ಕೆ ತಾಳ್ಮೆಯಿರಲಿಲ್ಲ. ಆಯೋಗದ ಕೆಲಸ ನಡೆದಿರುವಾಗಲೇ, ಅಕ್ಟೋಬರ್ 3ರಂದು, ಬೇರೆ ಆರೋಪಗಳ ಮೇಲೆ ಇಂದಿರಾ ಗಾಂಧಿಯವರನ್ನು ಬಂಧಿಸಲಾಯಿತು. ಸಾಕಷ್ಟು ಆಧಾರವಿಲ್ಲವೆಂದು ಮ್ಯಾಜಿಸ್ಟ್ರೇಟರು ಮರುದಿನವೇ ಬಿಡುಗಡೆ ಮಾಡಿದರು. ಆರೋಪಿತರೇ ಜನರ ಕಣ್ಣಿಗೆ ಪೀಡಿತರಾಗಿ ಕಂಡರು. ಮರುವರ್ಷ ನಮ್ಮ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳುಹಿಸಿತು. 1979ರಲ್ಲಿ ವಿಶೇಷ ನ್ಯಾಯಾಲಯಗಳ ಕಾಯಿದೆಯಾಯಿತು. 1980ರ ಜನವರಿಯಲ್ಲಿ ಅವರು ಮರಳಿ ಪ್ರಧಾನಿಗಳಾದರು. ಅವರ ದೋಷವಾಗಲಿ ನಿರ್ದೋಷವಾಗಲಿ ಆ ನ್ಯಾಯಾಲಯಗಳಲ್ಲಿ ತೀರ್ಮಾನವಾಗಲೇ ಇಲ್ಲ.

ಇನ್ನು ನಮ್ಮ ನಾಡಿನ ಉದಾಹರಣೆ. 1977ರಲ್ಲಿ ದೇವರಾಜ ಅರಸರು ಅಧಿಕಾರದಲ್ಲಿದ್ದಾಗಲೇ ಅವರ ಸರ್ಕಾರದ ಮೇಲೆ ಆರೋಪಗಳೆದ್ದುವು. ಮೇ 18ರಂದು ರಾಜ್ಯ ಸರ್ಕಾರವು ತಾನೇ ಒಂದು ಆಯೋಗವನ್ನು ನೇಮಿಸಿತು. 23ರಂದು ಕೇಂದ್ರ ಸರ್ಕಾರವು ಗ್ರೋವರ್ ಆಯೋಗವನ್ನು ನೇಮಿಸಿತು. ಕೇಂದ್ರಕ್ಕೆ ಈ ಅಧಿಕಾರವುಂಟೆಂದು ಸುಪ್ರೀಂ ಕೋರ್ಟು ನವೆಂಬರಿನಲ್ಲಿ ಬಹುಮತದಿಂದ ತೀರ್ಪಿತ್ತಿತು. ಕಾಯಿದೆಯ ಪ್ರಶ್ನೆ ಬಗೆಹರಿಯಿತು. ಮನಸ್ಸಿನ ಸಂಶಯ ಬಗೆಹರಿಯಲಿಲ್ಲ. ಒಂದೆಡೆ ಆರೋಪಿತನೇ ಪಂಚನನ್ನು ಆರಿಸುತ್ತಾನೆ. ಇನ್ನೊಂದೆಡೆ ಅವನ ಎದುರಾಳಿ. ಇಬ್ಬರು ಪಂಚರೂ ಸತ್ಯವಂತರಾಗಿರಬಹುದು, ಊರು ನಂಬಬೇಕಲ್ಲ!

ಆದಕಾರಣ ನನ್ನ ಸೂಚನೆಗಳು ಮೂರು. ಮೊದಲನೆಯದು: ವಿಚಾರಕನನ್ನು ಆರಿಸುವ ಅಧಿಕಾರವು ಆ ದಿನದ ಮಂತ್ರಿಮಂಡಲದ ಕೈಯಲ್ಲಿರಬಾರದು. ಆರೋಪಕ್ಕೆ ಮೊದಲೇ ನೆಲೆಗೊಂಡ ಸ್ಥಿರ ಸಂಸ್ಥೆ ಬೇಕು. 1984ರ ಕಾಯಿದೆಯಿಂದ ಕರ್ನಾಟಕವು ಲೋಕಾಯುಕ್ತವನ್ನು ಪಡೆಯಿತು. 2016ರಲ್ಲಿ ಸರ್ಕಾರವು ಭ್ರಷ್ಟಾಚಾರದ ತನಿಖೆಯನ್ನು ಅದರಿಂದ ತೆಗೆದು, ತನ್ನ ಕೈಕೆಳಗಿನ ಬೇರೊಂದು ದಳಕ್ಕೆ ವಹಿಸಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿತು. ಕಾವಲುಗಾರನ ಕೋಲನ್ನು ಕಸಿದುಕೊಳ್ಳುವುದು ಎಷ್ಟು ಸುಲಭವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಎರಡನೆಯದು: ಆಯೋಗದ ವರದಿಯನ್ನು ತೀರ್ಪೆಂದು ಭ್ರಮಿಸಬಾರದು. 1952ರ ವಿಚಾರಣಾ ಆಯೋಗಗಳ ಕಾಯಿದೆಯ ಮೇರೆಗೆ ಆಯೋಗವು ಸತ್ಯಾಂಶವನ್ನು ಶೋಧಿಸಬಲ್ಲುದು, ಶಿಕ್ಷೆ ವಿಧಿಸಲಾರದು. ಕೀರ್ತಿಗೆ ಕುಂದು ಬರಬಹುದಾದವನಿಗೆ ತನ್ನ ಪಕ್ಷವನ್ನು ಹೇಳಿಕೊಳ್ಳುವ ಹಾಗೂ ಪಾಟೀಸವಾಲು ಮಾಡುವ ಹಕ್ಕುಂಟು. ಅಪರಾಧ ಕಂಡುಬಂದರೆ ಸ್ವತಂತ್ರ ತನಿಖೆ ನಡೆದು, ಎಲ್ಲ ಪ್ರಜೆಗಳಂತೆ ಅವನೂ ಸಾಮಾನ್ಯ ನ್ಯಾಯಾಲಯದಲ್ಲಿಯೇ ನಿಲ್ಲಬೇಕು.

ಮೂರನೆಯದು: ಕಾಲದ ಮಿತಿ. ವರದಿಯನ್ನೂ, ಅದರ ಮೇಲೆ ಕೈಕೊಂಡ ಕ್ರಮವನ್ನೂ ಆರು ತಿಂಗಳೊಳಗೆ ಶಾಸನಸಭೆಯ ಮುಂದಿಡಬೇಕೆಂದು ಆ ಕಾಯಿದೆಯೇ ಹೇಳುತ್ತದೆ. ಇದು ಪಾಲನೆಯಾಗುವಂತೆ ಕೇಳುವವರು ನಾವು.

ಉಪಾಧ್ಯಾಯರೇ, ಕೊನೆಯ ಮಾತು ತಮಗೆ. ಎದುರು ಪಕ್ಷದವನ ವಿಚಾರಣೆಯೆಂದರೆ ಕೈತಟ್ಟಿ, ನಮ್ಮವನ ವಿಚಾರಣೆಯೆಂದರೆ ಸೇಡೆಂದು ಕೂಗುವ ಚಾಳಿ ನಮ್ಮೆಲ್ಲರಲ್ಲಿಯೂ ಇದೆ, ನನ್ನಲ್ಲಿಯೂ ಇದೆ. ಈ ಚಾಳಿ ಇರುವ ತನಕ ಯಾವ ಕಾಯಿದೆಯೂ ನಮ್ಮನ್ನು ಕಾಯಲಾರದು. ತಮ್ಮ ಮುಂದೆ ಕುಳಿತ ಮಕ್ಕಳಿಗಾದರೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಕಲಿಸಿರೆಂದು ಬೇಡಿಕೊಳ್ಳುತ್ತೇನೆ.